ಒಂದೇ ಕರಾರು, ಎರಡು ಬಾಡಿಗೆ

ಮೇಲಿನ ಮನೆಯ ಬಾಡಿಗೆ ಕರಾರು ಹೊಸದಾಗಿ ಬರೆಯಬೇಕಿತ್ತು. ಮೊತ್ತದ ಜಾಗ ಖಾಲಿ ಬಿಟ್ಟು ಪೆನ್ನು ಕಚ್ಚುತ್ತಾ ಕೂತಾಗ ಬರ್ಲಿನ್ ನೆನಪಾಯಿತು.

2020ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರ, 2014ಕ್ಕಿಂತ ಮೊದಲು ಕಟ್ಟಿದ ಮನೆಗಳ ಬಾಡಿಗೆಯನ್ನು 2019ರ ಜೂನ್ ಮಟ್ಟಕ್ಕೇ ಕಟ್ಟಿಹಾಕಿತು. ಮಾಲೀಕರು ಸುಮ್ಮನಿರೋ ಜನವೇ? (ನಾನೂ ಅವರಲ್ಲೊಬ್ಬ, ಗೊತ್ತಿದೆ.) ಎಷ್ಟೋ ಕರಾರುಗಳಲ್ಲಿ ಎರಡೆರಡು ಮೊತ್ತ ಬಂತು: ಈಗ ಕೊಡಬೇಕಾದ್ದು ಒಂದು, ಕಾನೂನು ಬಿದ್ದುಹೋದರೆ ಕೊಡಬೇಕಾದ್ದು ಇನ್ನೊಂದು. ಅದಕ್ಕೆ ‘ನೆರಳು ಬಾಡಿಗೆ’ ಅಂತ ಹೆಸರೂ ಬಿತ್ತು. ಬಾಡಿಗೆಗೆ ಮನೆ ಇದೆ ಅನ್ನೋ ಜಾಹೀರಾತುಗಳೇ ಕಮ್ಮಿಯಾದವು. 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ, ಇಂಥ ಕಾನೂನು ಮಾಡೋ ಅಧಿಕಾರ ಬರ್ಲಿನ್‌ನಂಥ ರಾಜ್ಯಕ್ಕಿಲ್ಲ ಅಂತ ಪೂರ್ತಿ ರದ್ದು ಮಾಡಿತು. ಬಾಡಿಗೆಯಲ್ಲಿ ಉಳಿದ ದುಡ್ಡು ಖರ್ಚು ಮಾಡಿಕೊಂಡಿದ್ದ ಎಷ್ಟೋ ಬಾಡಿಗೆದಾರರಿಗೆ ಬಾಕಿ ತೀರಿಸೋ ಪಾಡು.

ಬ್ರಿಟನ್ ಹಿಡಿದದ್ದು ಬೇರೆ ದಾರಿ, ತೆರಿಗೆಯದ್ದು. 2017ರಿಂದ 2020ರೊಳಗೆ, ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಕಳೆಯೋ ಸೌಲಭ್ಯ ಹಂತಹಂತವಾಗಿ ತೆಗೆದು, ಬದಲಿಗೆ ಬಡ್ಡಿಯ 20%ರಷ್ಟು ತೆರಿಗೆ ರಿಯಾಯಿತಿ ಇಟ್ಟಿತು. ಸಾಲ ಮಾಡಿ ಮನೆ ಕೊಂಡವರಿಗೆ ಪೆಟ್ಟು ಬಿದ್ದದ್ದು ಅಲ್ಲೇ.

ಕೊನೆಗೆ ಹಳೇ ಮೊತ್ತವನ್ನೇ ಬರೆದೆ. ಮೇಲಿನವರು ನಲ್ಲಿ ಸೋರಿದರೆ ನನ್ನನ್ನು ಕೂಗದೆ ತಾವೇ ವಾಷರ್ ಹಾಕ್ಕೊಳ್ತಾರೆ.