ಭಾನುವಾರ ಪೂಜೆ ಸರಿ, ಉಳಿದ ಆರು ದಿನ ಏನು ಮಾಡ್ತೀರಿ?

ನಿವೃತ್ತರಾದ ಗಂಡ ಹೆಂಡತಿ ದೂರದ ಊರಿನ ಕಥೋಲಿಕ ಚರ್ಚಿನ ಸೇವೆಗೆ ಹೊರಟರೆ ಎಲ್ಲರೂ ಕೇಳುವ ಪ್ರಶ್ನೆ ಇದು. ಬೆಂಗಳೂರು, ಮೈಸೂರು ಕಡೆಯಿಂದ ಕಾರವಾರಕ್ಕೆ ಬರುವ ಯೋಚನೆಯಲ್ಲಿರುವವರೂ ಇದನ್ನೇ ಕೇಳುತ್ತಾರೆ. ಉತ್ತರ ಸರಳ: ಬಟ್ಟೆ ಒಗೆಯುತ್ತೇವೆ, ಅರ್ಜಿ ತುಂಬುತ್ತೇವೆ, ಕಾಯಿಲೆಯವರ ಮನೆಗೆ ಹೋಗುತ್ತೇವೆ. ಬಲಿಪೂಜೆ, ಪ್ರಸಂಗಕ್ಕೆ ಫಾದರ್ ಇದ್ದಾರೆ. ಅವರ ಓಡಾಟದಲ್ಲಿ ಕೈಗೂಡದ್ದು ಒಂದೇ: ಪ್ರತಿ ವಾರ, ಅದೇ ದಿನ, ಅದೇ ಹೊತ್ತಿಗೆ, ಅದೇ ಮನೆಯಲ್ಲಿ ಅರ್ಧ ಗಂಟೆ ಕೂರುವುದು. ವಯಸ್ಸಾದ ಜೋಡಿಯ ಬಳಿ ಇರುವುದೇ ಈ ಹೊತ್ತು.

ಕಾರವಾರ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಚರ್ಚುಗಳ ವಲಯ, 1976ರಲ್ಲಿ ಬೆಳಗಾವಿಯಿಂದ ಬೇರೆಯಾಯಿತು. ಇಡೀ ಉತ್ತರ ಕನ್ನಡ ಜಿಲ್ಲೆ ಅದರ ವ್ಯಾಪ್ತಿ. ಕಡಲಂಚಿನ ಕೊಂಕಣಿ ಕುಟುಂಬಗಳೂ ಘಟ್ಟದ ಮೇಲೆ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಕ್ರೈಸ್ತರೂ ಅದರೊಳಗೇ ಬರುತ್ತಾರೆ. ಕೆಳಗಿನ ದಿನಚರಿ ಕರಾವಳಿಯದು.

ಸೋಮವಾರ ಒಗೆತ. ಪೂಜಾಪೀಠದ ಬಟ್ಟೆಯನ್ನು ಮನೆಬಟ್ಟೆಯ ಜೊತೆ ಮೆಶಿನ್ನಿಗೆ ಹಾಕುವ ಹಾಗಿಲ್ಲ. ಪಾನಪಾತ್ರೆ ಒರೆಸುವ ಬಟ್ಟೆ, ಪಾತ್ರೆಯಡಿ ಹಾಸುವ ಕಾರ್ಪೊರಲ್, ಇವೆರಡನ್ನೂ ಮೊದಲು ಬೇರೆ ಬೋಗುಣಿಯ ತಣ್ಣೀರಿನಲ್ಲಿ ನೆನೆಸಬೇಕು. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯ, ಕಣ ಅಂಟಿಕೊಂಡಿರಬಹುದು, ಹಾಗಾಗಿ ಆ ನೀರನ್ನು ಬಚ್ಚಲಿಗೆ ಚೆಲ್ಲದೆ ಗಿಡದ ಬುಡದ ಮಣ್ಣಿಗೆ ಸುರಿಯಬೇಕು. ಸೋಪು ಆಮೇಲೆ. ದ್ರಾಕ್ಷಾರಸದ ಕಲೆಗೆ ಮೊದಲೇ ಬಿಸಿನೀರು ತಾಗಿಸಿದರೆ ಅದು ಕಚ್ಚಿಕೊಂಡುಬಿಡುತ್ತದೆ. ಮೇಣ ಬಿದ್ದಿದ್ದರೆ ಗಟ್ಟಿಯಾಗಲು ಬಿಟ್ಟು ಚಮಚದ ಹಿಂಬದಿಯಿಂದ ಕೆರೆದು ತೆಗೆಯಿರಿ. ಉಳಿದದ್ದಕ್ಕೆ ಮೇಲೊಂದು ಕೆಳಗೊಂದು ಬಿಳಿ ಕಾಗದವಿಟ್ಟು ಇಸ್ತ್ರಿ ಹಾಯಿಸಿದರೆ ಕಾಗದವೇ ಮೇಣ ಕುಡಿಯುತ್ತದೆ. ಸುದ್ದಿಪತ್ರಿಕೆಯ ಹಾಳೆ ಬೇಡ, ಮಸಿ ಇಳಿಯುತ್ತದೆ.

ಗಂಜಿ ಹಾಕುವುದು ಕಾರ್ಪೊರಲಿಗೆ ಮಾತ್ರ. ಒರೆಸುವ ಬಟ್ಟೆಗೆ ಗಂಜಿ ಹಾಕಿದರೆ ಅದು ನೀರು ಹೀರುವುದಿಲ್ಲ. ಕಾರ್ಪೊರಲನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಪದರ ಬರುವಂತೆ ಒಳಮುಖವಾಗಿ ಮಡಚಬೇಕು; ಬಿಡಿಸಿದಾಗ ಒಂಬತ್ತು ಚೌಕ ಕಾಣುತ್ತದೆ. ಪೂಜೆ ಮುಗಿದು ಮತ್ತೆ ಅದೇ ಗೆರೆಯಲ್ಲಿ ಮಡಚಿದರೆ ಬಿದ್ದ ಕಣ ಒಳಗೇ ಉಳಿಯುತ್ತದೆ, ಈ ಮಡಿಕೆ ಇರುವುದೇ ಅದಕ್ಕೆ. ಕಾರವಾರದ ಮಳೆಗಾಲದಲ್ಲಿ ಇಷ್ಟು ಮಾಡಿದರೂ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲೆ ಹಾಕಿದ ಹತ್ತಿಬಟ್ಟೆ ಮೂರು ದಿನವಾದರೂ ತಂಪು ಬಿಡುವುದಿಲ್ಲ. ಹಾಗೇ ಮಡಚಿಟ್ಟರೆ ವಾರದೊಳಗೆ ಕರಿಚುಕ್ಕೆ, ಮತ್ತೆ ಅದು ಹೋಗುವುದಿಲ್ಲ. ಆ ನಾಲ್ಕು ತಿಂಗಳು ಗಂಜಿಯನ್ನೂ ತೆಳ್ಳಗೆ ಮಾಡಿ, ಬೂಷ್ಟಿಗೆ ಅದೇ ಆಹಾರ. ಪೂರ್ತಿ ಒಣಗುವವರೆಗೆ ಇಸ್ತ್ರಿ ಮಾಡಿ, ಆರಿದ ಮೇಲಷ್ಟೇ ಕಪಾಟಿಗಿಡಿ. ಪರಮಪ್ರಸಾದಕ್ಕೆ ಬಳಸುವ ತೆಳು ರೊಟ್ಟಿ, ಓಸ್ತಿಯೂ ಹಾಗೇ. ಬರೀ ಗೋಧಿಹಿಟ್ಟು, ನೀರಿನಿಂದ ಮಾಡಿದ್ದು, ತೇವಕ್ಕೆ ಬೇಗ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕಾಗುವಷ್ಟು ಮಾತ್ರ ತರಿಸಿ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ.

ಮಂಗಳವಾರ, ಬುಧವಾರ ಕಾಗದಪತ್ರ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಬ್ಯಾಂಕಿನ ಕೆವೈಸಿ. ಇಲ್ಲಿ ಹೆಚ್ಚು ಕೆಡುವುದು ಹೆಬ್ಬೆಟ್ಟು. ವರ್ಷಾನುಗಟ್ಟಲೆ ಮೀನು ಕೊಯ್ದು, ಚಿಪ್ಪಿ ಹೆಕ್ಕಿ ಬೆರಳ ಗೆರೆ ಸವೆದವರ ಗುರುತು ಯಂತ್ರಕ್ಕೆ ಸಿಗುವುದಿಲ್ಲ. ಕೈ ತೊಳೆದು ಒರೆಸಿ, ಹತ್ತು ಬೆರಳನ್ನೂ ಪ್ರಯತ್ನಿಸಿ. ಸರ್ಕಾರಿ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಕೊಡುವ ಜೀವನ ಪ್ರಮಾಣಪತ್ರವನ್ನು ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಕೇಂದ್ರದ ಪಿಂಚಣಿಯಾದರೆ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಕಿಟಕಿಗೆ ಮುಖ ಮಾಡಿ ಕೂರಿಸಿ. ಬೆಳಕು ಬೆನ್ನ ಹಿಂದಿದ್ದರೆ ಎಷ್ಟು ಸಲ ಮಾಡಿದರೂ ಆಗುವುದಿಲ್ಲ.

ಗುರುವಾರ, ಶುಕ್ರವಾರ ಮನೆಭೇಟಿ. ಮುಖ್ಯ ಕೆಲಸ ಇದೇ.

ಪರಮಪ್ರಸಾದ ಒಯ್ಯಲು ಅನುಮತಿ ಬೇಕು. ಪಾದ್ರಿಗಳಲ್ಲದ ಶ್ರೀಸಾಮಾನ್ಯರಿಗೆ ಈ ಸೇವೆ ತೆರೆದದ್ದು 1973ರ ರೋಮಿನ ಆದೇಶ, ಆದರೆ ಒಪ್ಪಿಗೆ ಕೊಡುವವರು ಆಯಾ ಧರ್ಮಾಧ್ಯಕ್ಷರು (ಬಿಷಪ್). ನಿಮ್ಮೂರಿನ ಒಪ್ಪಿಗೆ ಇಲ್ಲಿಗೆ ಸಾಲದು. ಬರುವ ಮೊದಲೇ ಫಾದರ್ ಹತ್ತಿರ ಮಾತಾಡಿ. ಓಸ್ತಿ ಇಟ್ಟ ಚಿಕ್ಕ ಡಬ್ಬಿ ಕೊರಳಿನ ಚೀಲದಲ್ಲಿರಲಿ, ಕೈಚೀಲದಲ್ಲಿ ಬೇಡ. ದಾರಿಯಲ್ಲಿ ಮಾರ್ಕೆಟ್ಟಿಗೆ ಇಳಿಯುವುದು, ಫೋನಿನಲ್ಲಿ ಮಾತಾಡುವುದು ಬೇಡ. ಮನೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು, ಚಮಚ. ರೋಗಿಗೆ ಆಮ್ಲಜನಕ ಕೊಡುತ್ತಿದ್ದರೆ ಬತ್ತಿ ಹಚ್ಚಲೇಬೇಡಿ. ಮನೆಯವರು ಭಕ್ತಿಯಿಂದ ಹಚ್ಚಿಟ್ಟಿದ್ದರೂ ಮೆಲ್ಲಗೆ ಹೇಳಿ ಆರಿಸಿ.

ಮಲಗಿದವರನ್ನು ಮೊದಲು ಎಬ್ಬಿಸಿ ಕೂರಿಸಬೇಕು, ಗದ್ದ ಸ್ವಲ್ಪ ಕೆಳಗಿರಲಿ. ನುಂಗಲು ಕಷ್ಟವಿದ್ದರೆ ಸಾಸಿವೆಗಿಂತ ತುಸು ದೊಡ್ಡ ಚೂರು ಸಾಕು, ಅದರಲ್ಲೂ ಪೂರ್ಣ ಪ್ರಸಾದವಿದೆ. ನೀರು ಕುಡಿದರೂ ಕೆಮ್ಮು ಬರುವವರಿಗೆ ಅಂದು ಕೊಡದೆ ಪ್ರಾರ್ಥಿಸಿ, ಫಾದರ್‌ಗೆ ತಿಳಿಸಿ. ಮಧುಮೇಹದ ಅಜ್ಜಿ ಪರಮಪ್ರಸಾದಕ್ಕೆಂದು ತಿಂಡಿ ಬಿಟ್ಟು ಕೂತಿರುತ್ತಾರೆ. ಒಂದು ಗಂಟೆಯ ಉಪವಾಸದ ನಿಯಮ ವಯಸ್ಸಾದವರಿಗೂ ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ ಎಂದು ಪ್ರತಿ ಮನೆಯಲ್ಲೂ ಬಾಯಿಬಿಟ್ಟು ಹೇಳಿ. ಉಳಿದ ಓಸ್ತಿ ನೇರವಾಗಿ ಚರ್ಚಿಗೆ ವಾಪಸ್, ರಾತ್ರಿ ರೂಮಿನಲ್ಲಿ ಇಟ್ಟುಕೊಳ್ಳುವಂತಿಲ್ಲ.

ಪ್ರಾರ್ಥನೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಜೋಡಿಯಾಗಿ ಬಂದದ್ದರ ಬೆಲೆ ಗೊತ್ತಾಗುವುದು ಆಮೇಲೆ. ಒಬ್ಬರು ರೋಗಿಯ ಹತ್ತಿರ ಕೂರಿ, ಇನ್ನೊಬ್ಬರು ಅಡುಗೆಮನೆಗೆ ಹೋಗಿ ಸೊಸೆ ಅಥವಾ ಮಗಳ ಜೊತೆ ಮಾತಾಡಿ. ಬೆನ್ನಿನ ಹುಣ್ಣು, ನಿಂತುಹೋದ ಮಾತ್ರೆ, ರಾತ್ರಿ ನಿದ್ದೆಯಿಲ್ಲದ್ದು, ಎಲ್ಲ ತಿಳಿಯುವುದು ಅಲ್ಲಿ. ಬೈತಖೋಲ, ಕೋಡಿಬಾಗ ಕಡೆ ಬೆಳಿಗ್ಗೆ ಹೋಗಬೇಡಿ, ಮೀನು ಮಾರುವ ಹೆಂಗಸರು ಮನೆಯಲ್ಲಿರುವುದಿಲ್ಲ. ನಾಲ್ಕರ ಮೇಲೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ, ಕೈಯಲ್ಲಿ ಕಾಸಾಡದ ಕಾಲ. ಆಗ ಔಷಧಿ ಡಬ್ಬಿಯನ್ನು ನೀವೇ ಕೇಳಿ ನೋಡಿ, ಅವರಾಗಿ ಹೇಳುವುದಿಲ್ಲ. ದಿನಕ್ಕೆ ಐದು ಮನೆ ಸಾಕು. ಒಪ್ಪಿದ ದಿನ ತಪ್ಪಿಸುವುದು ಮಾತ್ರ ಕೂಡದು. ಹಾಸಿಗೆ ಹಿಡಿದವರು ಬೆಳಿಗ್ಗೆಯಿಂದಲೇ ಒಗೆದ ಅಂಗಿ ಹಾಕಿಸಿಕೊಂಡು ಕಾಯುತ್ತಿರುತ್ತಾರೆ. ಹೊರಡುವಾಗ ‘ದೇವ್ ಬರೆಂ ಕರುಂ’ (ದೇವರು ಒಳ್ಳೆಯದು ಮಾಡಲಿ) ಅನ್ನಿ, ಅಷ್ಟು ಕೊಂಕಣಿ ಮೊದಲ ವಾರದಲ್ಲೇ ಬರಬೇಕು.

ಶನಿವಾರ ಗುಡಿಸುವುದು, ಹೂವು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಪೀಠಕ್ಕೆ ಹೂವಿಲ್ಲ. ಭಾನುವಾರ ಮಕ್ಕಳ ಧರ್ಮೋಪದೇಶಕ್ಕೆ ಕೈಜೋಡಿಸುವುದು.

ಬರುವವರು ವಸತಿ, ಊಟ, ಎಷ್ಟು ತಿಂಗಳು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನಿಮ್ಮ ಚರ್ಚಿನ ಫಾದರ್ ಪತ್ರ ತನ್ನಿ. ಹೃದಯದ ತೊಂದರೆಯಿದ್ದರೆ ದೊಡ್ಡ ಚಿಕಿತ್ಸೆಗೆ ಗೋವಾ, ಹುಬ್ಬಳ್ಳಿ, ಮಣಿಪಾಲ ಅಂತ ಓಡಬೇಕು, ಅದನ್ನು ಯೋಚಿಸಿಯೇ ಹೊರಡಿ. ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ಮನೆಗೊಂದು ಪುಟ, ಭೇಟಿಯ ದಿನ, ಹೊತ್ತು, ನುಂಗಲು ಆಗುತ್ತದೋ ಇಲ್ಲವೋ, ಯಾವ ಭಾಷೆ. ಮನೆಯೊಳಗಿನ ಗುಟ್ಟು ಅದರಲ್ಲಿ ಬರೆಯಬೇಡಿ. ಅವಧಿ ಮುಗಿದ ದಿನ ಆ ಪುಸ್ತಕ ಮುಂದೆ ಬರುವ ಜೋಡಿಯ ಕೈಗೆ ಹೋಗಬೇಕು: ‘ಎಡಗಿವಿ ಕೇಳಿಸದು, ಬಲಕ್ಕೆ ಕೂರಿ. ಚಹಾ ಬೇಡ ಎನ್ನಬೇಡಿ.’