ಕಾರ್ಟಿಲೇಜ್ ಕೋಶ ಎಣಿಸಿದರೆ ಸಾಲದು, ಅದರ ಹೊದಿಕೆಯನ್ನೂ ನೋಡಿ

ಲ್ಯಾಬಿಗೆ ಹೊಸದಾಗಿ ಬಂದವರು ಕಾರ್ಟಿಲೇಜ್ (ಮೃದ್ವಸ್ಥಿ) ಕೋಶ ಬೇರ್ಪಡಿಸಿದ ಕೂಡಲೇ, ಸತ್ತ ಕೋಶಕ್ಕಷ್ಟೇ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಎಣಿಸುತ್ತಾರೆ. ಬಹುಪಾಲು ಜೀವಂತ ಎಂದು ಬಂದರೆ ನಿರಾಳ. ಆದರೆ ಕೀಲಿನ ಕಾರ್ಟಿಲೇಜಿನ ಗಾತ್ರದಲ್ಲಿ ಕೋಶಗಳ ಪಾಲು ಶೇ. 5ನ್ನೂ ಮೀರುವುದಿಲ್ಲ. ಮಿಕ್ಕಿದ್ದು ಮ್ಯಾಟ್ರಿಕ್ಸ್, ಅಂದರೆ ಕೋಶಗಳು ತಮ್ಮ ಸುತ್ತ ಕಟ್ಟಿಕೊಂಡ ಜೆಲ್ಲು-ನಾರಿನ ಹಂದರ. ಅದರಲ್ಲಿರುವ ಅಗ್ರಿಕ್ಯಾನ್ ಎಂಬ ದೊಡ್ಡ ಅಣುವಿನ ಸಲ್ಫೇಟ್ ಸರಪಳಿಗಳ ಋಣ ವಿದ್ಯುದಂಶ ಸೋಡಿಯಂ ಅಯಾನುಗಳನ್ನು ಸೆಳೆಯುತ್ತದೆ, ಅವುಗಳ ಹಿಂದೆ ನೀರು ಬರುತ್ತದೆ. ಉಬ್ಬಲು ಹೊರಟ ಆ ಜೆಲ್ಲನ್ನು ಟೈಪ್ 2 ಕೊಲಾಜೆನ್ ಎಂಬ ನಾರಿನ ಪ್ರೋಟೀನಿನ ಜಾಲ ಬಿಗಿಹಿಡಿಯುತ್ತದೆ. ಕೀಲು ಭಾರ ತಾಳುವುದು ಈ ಜಗ್ಗಾಟದಿಂದ.

ಕೋಶಕ್ಕೆ ಅಂಟಿಕೊಂಡಂತೆ ಕೆಲವೇ ಮೈಕ್ರಾನ್ ದಪ್ಪದ ಪೆರಿಸೆಲ್ಯುಲರ್ (ಕೋಶದ ಸುತ್ತಲಿನ) ಪದರವಿದೆ: ಟೈಪ್ 6 ಕೊಲಾಜೆನ್, ಪರ್ಲಿಕ್ಯಾನ್ ಎಂಬ ಪ್ರೋಟೀನು, ಕೋಶದ ಮೇಲ್ಮೈಯ ಸಿಡಿ44 ಗ್ರಾಹಕಕ್ಕೆ ಕಚ್ಚಿಕೊಂಡ ಹಯಲುರೊನಾನ್ ಎಂಬ ಸಕ್ಕರೆ ಸರಪಳಿ. ಹೊರಗಿನ ಒತ್ತಡ ಕೋಶಕ್ಕೆ ತಲುಪುವುದು ಇದನ್ನು ದಾಟಿಯೇ. ಕೋಶ, ಪದರ ಎರಡೂ ಸೇರಿದರೆ ಕಾಂಡ್ರಾನ್.

ಬರಿಯ ಕೋಶವೋ ಕಾಂಡ್ರಾನೋ, ಯಾವುದು ಕೈಗೆ ಬರುತ್ತದೆ ಎಂಬುದು ಮ್ಯಾಟ್ರಿಕ್ಸ್ ಕರಗಿಸುವ ಕಿಣ್ವದ ಮೇಲೆ ನಿಂತಿದೆ. ಪ್ರೊನೇಸ್ ಕೊಟ್ಟು ಆಮೇಲೆ ಕೊಲಾಜಿನೇಸ್‌ನಲ್ಲಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟರೆ ಬರಿಯ ಕೋಶ. ಡಿಸ್ಪೇಸ್ ಜೊತೆ ಕೊಲಾಜಿನೇಸ್ ಕೆಲವೇ ಗಂಟೆ ಕೊಟ್ಟರೆ ಕಾಂಡ್ರಾನ್ ಉಳಿಯುತ್ತದೆ. ಟೈಪ್ 6 ಕೊಲಾಜೆನ್‌ಗೆ ಅಂಟುವ ಪ್ರತಿಕಾಯ ಹಾಕಿ ಕೋಶದ ಸುತ್ತ ಉಂಗುರ ಕಾಣಿಸಿದ ಮೇಲೆಯೇ ನಂಬಿ.

ಬರಿಯ ಕೋಶವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅದು ಚಪ್ಪಟೆಯಾಗಿ, ಪ್ಯಾಸೇಜು (ಹೊಸ ತಟ್ಟೆಗೆ ಬದಲಿಸಿದ ಸಲ) ಏರಿದಂತೆ ಟೈಪ್ 2 ಕೊಲಾಜೆನ್ ಬಿಟ್ಟು ಟೈಪ್ 1 ತಯಾರಿಸತೊಡಗುತ್ತದೆ. ಸಂಖ್ಯೆ ಚೆನ್ನಾಗಿಯೇ ಹೆಚ್ಚುತ್ತಿರುತ್ತದೆ, ಮೋಸ ಹೋಗುವುದೇ ಅಲ್ಲಿ. ಗುಂಡಗಿನ ಆಕಾರ ಉಳಿಸಲು ಕ್ಯಾಲ್ಸಿಯಂ ತಾಗಿದರೆ ಜೆಲ್ಲಾಗುವ ಆಲ್ಜಿನೇಟ್‌ನ ಶೇ. 1.2 ದ್ರಾವಣದಲ್ಲಿ ಕೋಶ ಬೆರೆಸಿ, 22 ಗೇಜ್ ಸೂಜಿಯಿಂದ 102 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿಸಿ, 10 ನಿಮಿಷ ಗಟ್ಟಿಯಾಗಲು ಬಿಡಿ. ತೊಳೆಯುವುದು 0.15 ಮೋಲಾರ್ ಉಪ್ಪುನೀರಿನಲ್ಲಿ. ಅಭ್ಯಾಸಬಲದಿಂದ ಪಿಬಿಎಸ್ (ಫಾಸ್ಫೇಟ್ ಬೆರೆಸಿದ ಉಪ್ಪುನೀರು) ಸುರಿದರೆ ಫಾಸ್ಫೇಟ್ ಕ್ಯಾಲ್ಸಿಯಂ ಕಿತ್ತುಕೊಂಡು ಮಣಿಗಳು ಲೊಳೆಯಾಗುತ್ತವೆ.

ಮೀಡಿಯಂಗೆ ಪ್ರತಿ ಬದಲಾವಣೆಯಲ್ಲೂ ಮಿಲಿಲೀಟರಿಗೆ 25ರಿಂದ 50 ಮೈಕ್ರೊಗ್ರಾಂ ಆಸ್ಕಾರ್ಬೇಟ್ (ವಿಟಮಿನ್ ಸಿ) ಹೊಸದಾಗಿ ಹಾಕಬೇಕು. ಅದಿಲ್ಲದೆ ಪ್ರೋಲಿನ್‌ಗೆ ಹೈಡ್ರಾಕ್ಸಿಲ್ ಕೂಡುವುದಿಲ್ಲ, ಕೊಲಾಜೆನ್‌ನ ಮೂರೆಳೆ ಹೆಣಿಗೆ ನಿಲ್ಲುವುದಿಲ್ಲ. ಹಳೆಯ ಬಾಟಲಿಯಲ್ಲಿ ಬೆರೆಸಿಟ್ಟದ್ದು ಬೇಗ ಕೆಡುತ್ತದೆ. ಸ್ಥಿರವಾದ ಫಾಸ್ಫೇಟ್ ರೂಪವೇ ವಾಸಿ.

ಕೊನೆಗೆ 55 ಮಿಲಿಮೋಲಾರ್ ಸಿಟ್ರೇಟ್‌ನಲ್ಲಿ ಮಣಿ ಕರಗಿಸಿ ನಿಧಾನವಾಗಿ ಸೆಂಟ್ರಿಫ್ಯೂಜ್ ಮಾಡಿದರೆ ಕೋಶಕ್ಕೆ ಅಂಟಿದ ಮ್ಯಾಟ್ರಿಕ್ಸ್ ಕೆಳಗೆ ಕೂರುತ್ತದೆ, ದೂರದ್ದು ಮೇಲಿನ ದ್ರವದಲ್ಲಿರುತ್ತದೆ. ಆ ದ್ರವ ಚೆಲ್ಲಬೇಡಿ, ಎರಡನ್ನೂ ಸಲ್ಫೇಟ್ ಸರಪಳಿಗೆ ಅಂಟುವ ಡಿಎಂಎಂಬಿ ಎಂಬ ಬಣ್ಣದಲ್ಲಿ ಅಳೆಯಿರಿ. ಆಲ್ಜಿನೇಟೂ ಆ ಬಣ್ಣಕ್ಕೆ ಅಂಟುವುದರಿಂದ ಬಣ್ಣದ ಪಿಎಚ್ 1.5ಕ್ಕೆ ಇಳಿಸಿ, ಹೋಲಿಕೆಗೆ ಬಳಸುವ ಸ್ಟ್ಯಾಂಡರ್ಡ್‌ಗೂ ಅಷ್ಟೇ ಆಲ್ಜಿನೇಟ್ ಬೆರೆಸಿ.