ಮಳೆ ಲೆಕ್ಕದ ಬೆನ್ನಿಗೆ ನಾಲ್ಕು ಸಾಲು

ರೋಹಿಣಿ

ಎರಡು ವರ್ಷದಿಂದ ಬರೀತಿದ್ದೇನೆ. ಓದಿದವರನ್ನು ಎಣಿಸಲು ಎರಡು ಕೈಯ ಬೆರಳು ಸಾಕಿತ್ತು. ಕತೆ ಓದುವ ಆ್ಯಪೊಂದಕ್ಕೆ ಆರು ಕತೆ ಹಾಕಿದ್ದೆ. ಒಂದಕ್ಕೆ ಹನ್ನೊಂದು ಓದು ಅಂತ ತೋರಿಸುತ್ತಿತ್ತು. ಅದರಲ್ಲಿ ಮೂರು ಸಲ ತೆರೆದವಳು ನಾನೇ, ಎರಡು ಸಲ ನನ್ನ ತಂಗಿ.

ಈ ವರ್ಷ ಬೇರೆ ದಾರಿ ಹಿಡಿದೆ. ನಮ್ಮದು ಮಲೆನಾಡಿನ ಹೊಸನಗರ ತಾಲೂಕು, ನಗರ ಅನ್ನುವ ಊರಿನ ಕಡೆ. ಮಾವಯ್ಯ 1983ರಿಂದ ಮಳೆ ಲೆಕ್ಕ ಬರೆದಿಟ್ಟ ಪುಸ್ತಕ ಮನೆಯಲ್ಲಿದೆ, ಅಂಗಳದ ಮೂಲೆಯಲ್ಲಿ ಅವರ ಮಳೆಮಾಪಕವೂ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತೇ 'ನಿಮ್ಮಲ್ಲಿ ಎಷ್ಟಾಯ್ತು?' ಅಂತ. ಹಾಗಾದರೆ ಆ ಪ್ರಶ್ನೆಗೆ ದಿನಾ ಬೆಳಗ್ಗೆ ಉತ್ತರ ಕೊಡೋಣ, ಉತ್ತರದ ಬೆನ್ನಿಗೆ ನನ್ನ ನಾಲ್ಕು ಸಾಲು ಕಟ್ಟಿ ಕಳಿಸೋಣ ಅನ್ನೋದು ಉಪಾಯ. ಮೃಗಶಿರಾ ಮಳೆ ನಕ್ಷತ್ರಕ್ಕೆ ಶುರು ಮಾಡಬೇಕು ಅಂದುಕೊಂಡಿದ್ದೆ. ಆದರೆ 2025ರ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು, ವಾಡಿಕೆಗಿಂತ ವಾರ ಮೊದಲು. ರೋಹಿಣಿಯಲ್ಲೇ ಹೊಳೆ ಕೆಂಪಾಯಿತು. ನನ್ನ ತಯಾರಿಗೆ ಮಳೆ ಕಾಯುತ್ತದೆಯೇ?

ಮೃಗಶಿರಾ

ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ 41 ಜನರನ್ನು ಸೇರಿಸಿದೆ. ವಾರವಾದರೂ ಎಂಟೇ ಜನರಿಗೆ ಮುಟ್ಟಿದ ಗುರುತು. ಬೇಜಾರಾಗಿ ಬಿಡುವುದರಲ್ಲಿದ್ದೆ. ಆಮೇಲೆ ಗೊತ್ತಾಯಿತು: ನನ್ನ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತದೆ. ಅಂದರೆ ನನ್ನ ನೆಂಟರಿಷ್ಟರಲ್ಲಿ 33 ಮಂದಿ ನನ್ನ ನಂಬರನ್ನೇ ಇಟ್ಟುಕೊಂಡಿರಲಿಲ್ಲ. ಓದುಗರ ವಿಷಯ ಆಮೇಲೆ ನೋಡೋಣ, ಮೊದಲು ನೆಂಟಸ್ತಿಕೆ ವಿಚಾರಿಸಬೇಕು.

ಆ ಪಟ್ಟಿಗೆ 256 ಜನರ ಮಿತಿಯೂ ಇದೆ. ಹಾಗಾಗಿ ಚಾನೆಲ್ ಮಾಡಿದೆ. ಅಲ್ಲಿ ಯಾರ ನಂಬರೂ ಉಳಿದವರಿಗೆ ಕಾಣುವುದಿಲ್ಲ ಅಂದ ಮೇಲೆ ಹೆಂಗಸರು ಸೇರತೊಡಗಿದರು. ಇದು ನಾನು ಯೋಚಿಸಿದ್ದೇ ಅಲ್ಲ. ಕೊನೆಗೆ 23 ಜನ.

ಮೊದಲ ತಪ್ಪನ್ನು ಹಿಡಿದವರು ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು. ನಾನು ಒಂದು ದಿನ ಏಳಕ್ಕೆ, ಇನ್ನೊಂದು ದಿನ ದೋಸೆ ಎಲ್ಲ ಮುಗಿದು ಹತ್ತಕ್ಕೆ ಅಳೆಯುತ್ತಿದ್ದೆ. 'ತಂಗೀ, ಮಳೆಗೆ ದಿನ ಹುಟ್ಟುವುದು ಬೆಳಗ್ಗೆ ಎಂಟೂವರೆಗೆ. ಹವಾಮಾನ ಇಲಾಖೆಯವರು ಅಳೆಯುವುದೂ ಆಗಲೇ. ನೀನು ಹತ್ತಕ್ಕೆ ಅಳೆದರೆ ನಾಳೆಯ ಮಳೆಯನ್ನು ಇವತ್ತೇ ಕದ್ದ ಹಾಗೆ' ಅಂತ ಬರೆದರು. ಅವತ್ತಿನಿಂದ ಎಂಟೂವರೆಗೆ ಅಳತೆ, ಒಂಬತ್ತಕ್ಕೆ ಮೊದಲು ಬರಹ. ಮೇಷ್ಟ್ರು ಈಗಲೂ ಓದುತ್ತಾರೆ, ಕಾಗುಣಿತವನ್ನೂ ತಿದ್ದುತ್ತಾರೆ.

ಆರಿದ್ರಾ

ಆರಿದ್ರಾ ಆರದೆ ಹೊಯ್ಯುತ್ತದೆ ಅನ್ನುತ್ತಾರಲ್ಲ, ಹಾಗೇ ಹೊಯ್ದಿತು. ಒಂದು ಬೆಳಗ್ಗೆ 4 ಇಂಚು 30 ಸೆಂಟು. ಇಂಚಿಗೆ ನೂರು ಸೆಂಟು ಅನ್ನುವುದು ತೋಟದವರ ಲೆಕ್ಕ. ಪೇಟೆಯವರಿಗಾಗಿ ಪಕ್ಕದಲ್ಲಿ 109 ಮಿ.ಮೀ. ಅಂತಲೂ ಹಾಕಿದೆ. ಎರಡೂ ಹಾಕತೊಡಗಿದ ಮೇಲೆ ಬೆಂಗಳೂರಿನಲ್ಲಿರುವ ನಮ್ಮ ಊರಿನ ಹುಡುಗರು ಸೇರಿದರು.

ಕರೆಂಟು ಹೋಗಿ ಮೂರು ದಿನ. ಟವರಿನ ಬ್ಯಾಟರಿ ಮುಗಿದರೆ ಫೋನು ಬರೀ ಟಾರ್ಚು. ಕೊಡೆ ಹಿಡಿದು ದರೆ ಹತ್ತಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತ ನಿಂತು ಕಳಿಸಿದ್ದೇನೆ. 'ಇಷ್ಟಕ್ಕೆಲ್ಲ ಯಾರು ಸಂಬಳ ಕೊಡ್ತಾರೆ?' ಅಂತ ಇವರ ಪ್ರಶ್ನೆ. ಯಾರೂ ಇಲ್ಲ. ಆದರೆ ಆ ಮೂರು ದಿನವೂ ಅಂಕಿ ಬಂದದ್ದಕ್ಕೇ ಓದುಗರು 64 ಆದರು ಅಂತ ನನ್ನ ಗುಮಾನಿ.

ಗ್ರಾಮ ಪಂಚಾಯಿತಿಗಳಲ್ಲಿ ಅಳತೆಯನ್ನು ತಾವೇ ಕಳಿಸುವ ಸರ್ಕಾರದ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿಯ ಮಳೆ, ಲಿಂಗನಮಕ್ಕಿ ಅಣೆಕಟ್ಟು ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ ಅನ್ನುವುದೆಲ್ಲ ಪತ್ರಿಕೆಯಲ್ಲೇ ಬರುತ್ತದೆ. ಮತ್ತೆ ನನ್ನ ಅಂಕಿ ಯಾಕೆ ಬೇಕು? ಕೇಳಿಯೇಬಿಟ್ಟೆ. ಒಬ್ಬರು ಹೇಳಿದ್ದು: 'ನಮ್ಮದು ನಿಮ್ಮ ಗುಡ್ಡದ ಆಚೆ ಮಗ್ಗುಲು. ನಿಮ್ಮಲ್ಲಿ ಮಳೆ ಬಿಟ್ಟು ಹೊಳವಾದರೆ ತಾಸಿನಲ್ಲಿ ನಮಗೂ ಹೊಳವು. ಅಡಿಕೆ ಕೊಳೆರೋಗಕ್ಕೆ ಮದ್ದು ಹೊಡೆಯುವವರನ್ನು ಕರೆಯಬೇಕಲ್ಲ.' ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಕಲಸಿಟ್ಟು, ಹೊಡೆದದ್ದು ಒಣಗುವುದರೊಳಗೆ ಮಳೆ ಹೊಯ್ದರೆ ದುಡ್ಡೂ ಹೋಯಿತು, ಅಡಿಕೆಯೂ ಹೋಯಿತು. ಅವತ್ತಿನಿಂದ ಅಂಕಿಯ ಕೆಳಗೆ ಆಕಾಶ ಹೇಗಿದೆ ಅಂತ ಒಂದು ಸಾಲು ಸೇರಿತು. ನಾನು ಬಹಳ ಮೆಚ್ಚಿಕೊಂಡು ಬರೆದ ಹತ್ತುಮೀನಿನ, ಅಂದರೆ ಹೊಸ ನೀರಿಗೆ ಹತ್ತಿ ಬರುವ ಮೀನಿನ, ವರ್ಣನೆಗೆ ಅವತ್ತು ಒಬ್ಬರೂ ಚಕಾರ ಎತ್ತಲಿಲ್ಲ.

ಪುನರ್ವಸು

ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಒಂದು ಮಧ್ಯಾಹ್ನ ಕಾದದ್ದು ನೆನಪಾಗಿ ಉದ್ದಕ್ಕೆ ಬರೆದೆ. ಲಿಂಗನಮಕ್ಕಿಯ ನೀರು ನಿಂತ ಮೇಲೆ ಆಚೆ ದಡದ ತುಮರಿ ಕಡೆಯವರು ದಶಕಗಟ್ಟಲೆ ಹಿನ್ನೀರು ದಾಟಿದ್ದು ಲಾಂಚಿನಲ್ಲೇ ತಾನೇ. ಬರಹ ಓಡಿತು. ನಾಲ್ಕೇ ದಿನದಲ್ಲಿ ಓದುಗರು 112 ಇದ್ದದ್ದು 431. ಇವರಿಗೂ ತೋರಿಸಿದೆ, ಕಾಫಿ ಲೋಟ ಕೆಳಗಿಟ್ಟು ನೋಡಿದರು.

ಐದನೆಯ ದಿನ ಬೆಂಗಳೂರಿನ ಚಿಕ್ಕಮ್ಮನಿಂದ ಅದೇ ಬರಹ ನನಗೇ ಬಂತು. 'ಎಷ್ಟು ಚೆನ್ನಾಗಿ ಬರೆದಿದಾರೆ ನೋಡೇ, ಯಾರೋ ಏನೋ.' ಕೆಳಗಿದ್ದ ನನ್ನ ಹೆಸರನ್ನು ದಾರಿಯಲ್ಲಿ ಯಾರೋ ಅಡಿಕೆ ಹಾಳೆ ಕೊಯ್ದ ಹಾಗೆ ಕೊಯ್ದಿದ್ದರು. 'ಹಲವು ಬಾರಿ ಫಾರ್ವರ್ಡ್' ಆದದ್ದು ಅಂತ ಎರಡು ಬಾಣದ ಗುರುತೂ ಬಿದ್ದಿತ್ತು. ಆ ಗುರುತು ಬಿದ್ದ ಮೇಲೆ ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ದಾಟಿಸಬಹುದು. ಹೆಸರಿಲ್ಲದ ಓಟ, ಅದೂ ಕಾಲಿಗೆ ಹಗ್ಗ ಬಿದ್ದ ಮೇಲೆ.

ಎರಡು ದಿನ ಮುನಿಸಿಕೊಂಡೆ. ಆಮೇಲೆ ಹೊಳೆಯಿತು. ಹೆಸರನ್ನು ಬಾಲಕ್ಕೆ ಕಟ್ಟಿದರೆ ಕೊಯ್ಯುತ್ತಾರೆ, ಮೈಯೊಳಗೇ ನೇಯಬೇಕು. ಈಗ ಮೊದಲ ಸಾಲೇ 'ನಗರದ ಕಡೆಯ ನಮ್ಮ ಅಂಗಳದಲ್ಲಿ ಇವತ್ತು ಇಷ್ಟು ಇಂಚು, ಮಾವಯ್ಯನ ಪುಸ್ತಕದಲ್ಲಿ ಇದೇ ದಿನ ಹೀಗಿತ್ತು' ಅಂತ. ಅದನ್ನು ಕಿತ್ತರೆ ಮುಂದಿನದು ನಿಲ್ಲುವುದಿಲ್ಲ. ಹೇಗೂ ಉದ್ದದ ಬರಹವನ್ನು ವಾಟ್ಸಾಪ್ ಮಡಚಿಬಿಡುತ್ತದೆ, ಒತ್ತಿದರಷ್ಟೇ ಬಿಚ್ಚಿಕೊಳ್ಳುತ್ತದೆ. ಆ ಮಡಿಕೆಯ ಮೇಲೆ ಏನು ಉಳಿಯಬೇಕು ಅಂತ ನೋಡಿಕೊಂಡೇ ಬರೆಯುತ್ತೇನೆ.

ಪುಷ್ಯ, ಆಶ್ಲೇಷ

431 ಇದ್ದದ್ದು 388ಕ್ಕೆ ಇಳಿಯಿತು. ಸೇತುವೆಗೆ ಬಂದವರು ಸೇತುವೆ ದಾಟಿ ಹೋದರು. ಅವರಿಗೆ ನಮ್ಮ ಅಂಗಳದ ಇಂಚು ಯಾಕೆ?

ಈ ಮಧ್ಯೆ ನನ್ನದೊಂದು ಕಳ್ಳತನ. ಜ್ವರ ಬಂದು ಮಲಗಿದ್ದೆ. ಇವರು ತೋಟಕ್ಕೆ ಹೋಗಿದ್ದರು. ಹೊರಗೆ ಬೀಳುವ ಸದ್ದು ಕೇಳಿ ಅಂದಾಜಿನಲ್ಲಿ '2 ಇಂಚು' ಅಂತ ಹಾಕಿಬಿಟ್ಟೆ. ಸಂಜೆ ಮಾವಯ್ಯ ಫೋನು ನೋಡಿ ಕೇಳಿದ್ದು ಇಷ್ಟೇ: 'ಸೆಂಟು ಎಲ್ಲಿ ಹೋಯ್ತು? ಮಳೆ ಹೀಗೆ ಕಟ್ಟು ಕತ್ತರಿಸಿ ಬೀಳೋದಿಲ್ಲ ಮಗಾ.' ಮರುದಿನ ಎಂಟೂವರೆಗೆ ಎರಡು ದಿನದ್ದು ಒಟ್ಟಿಗೆ ಅಳೆದು, ಹಿಂದಿನ ದಿನ ಸುಳ್ಳು ಹೇಳಿದ್ದೆ ಅಂತ ಬರೆದು ಹಾಕಿದೆ. ಸೇತುವೆ ಬರಹಕ್ಕೆ ಬಂದದ್ದಕ್ಕಿಂತ ಹೆಚ್ಚು ಜನ ಅವತ್ತು ಖಾಸಗಿಯಾಗಿ ಬರೆದರು. ಹೆಚ್ಚಿನವರದು ಜ್ವರದ ಕಷಾಯ. ಒಬ್ಬಾಕೆ ಮಾತ್ರ 'ನಾನೂ ಹಾಲಿನ ಡೈರಿ ಲೆಕ್ಕದಲ್ಲಿ ಹೀಗೇ ಮಾಡ್ತೇನೆ ಅಕ್ಕಾ' ಅಂದಳು. ಆಕೆಯ ಮನೆಯ ಗಟ್ಟಿ ಮಳೆ, ತೆಳ್ಳನೆ ಹಾಲಿನ ಕತೆಯೇ ಮುಂದಿನ ವಾರದ ಬರಹವಾಯಿತು, ಅವಳನ್ನು ಕೇಳಿಯೇ ಬರೆದೆ.

ಮಘೆಯಿಂದ ಹಸ್ತದವರೆಗೆ

ಹೇಳುವಂಥದ್ದು ಕಡಿಮೆ. ಮಳೆ ಬಿಟ್ಟು ಬಿಟ್ಟು ಬಂತು, ಓದುಗರೂ ಹಾಗೇ. ಹುಬ್ಬೆ ಮಳೆಯಲ್ಲಿ ಹಳೆಯ ಪದಗಳನ್ನು ಕೇಳತೊಡಗಿದೆ: ಮಳೆಗೆ ಹೊದೆಯುವ ಗೊರಬಿಗೆ ನಿಮ್ಮಲ್ಲಿ ಏನಂತಾರೆ, ಸಣ್ಣ ಹನಿಗೆ ಏನಂತಾರೆ ಅಂತ. ಅಷ್ಟು ದಿನ ಸುಮ್ಮನೆ ಓದುತ್ತಿದ್ದವರೆಲ್ಲ ಬಾಯಿಬಿಟ್ಟರು. ಓದುಗರು 540.

ಸ್ವಾತಿ

ಹೆದರಿದ್ದು ಈ ದಿನಕ್ಕೇ. ಮಳೆ ನಿಂತರೆ ನನ್ನ ಹತ್ತಿರ ಹೇಳಲು ಏನಿದೆ? ಅಂಕಿಗೆ ಬಂದವರು ಅಂಕಿಯ ಜೊತೆಗೇ ಹೋಗುತ್ತಾರೋ, ನಾಲ್ಕು ಸಾಲಿಗೆ ಒಂದಿಷ್ಟು ಜನವಾದರೂ ನಿಲ್ಲುತ್ತಾರೋ?

ಮೊನ್ನೆ '0' ಅಂತ ಹಾಕಿದೆ. ನಿನ್ನೆಯೂ 0. ಇವತ್ತು ಹಾಕುವುದನ್ನೇ ಬಿಟ್ಟೆ, ಅಡಿಕೆ ಕೊನೆ ಕೊಯ್ಯುವವರು ಬಂದಿದ್ದರು. ಒಂಬತ್ತೂಕಾಲಿಗೆ ಮೇಷ್ಟ್ರ ಸಂದೇಶ: 'ಸೊನ್ನೆಯನ್ನೂ ಬರೆಯಬೇಕು.' ಮಾವಯ್ಯನ ಪುಸ್ತಕ ತೆಗೆದು ನೋಡಿದೆ. ನವೆಂಬರು, ಡಿಸೆಂಬರು, ಜನವರಿ, ಪುಟದ ತುಂಬ ಸೊನ್ನೆ. ಒಂದೊಂದರ ಮುಂದೆ ಸಣ್ಣ ಅಕ್ಷರದಲ್ಲಿ 'ಸುಲಿತ ಶುರು', 'ಹಂಡೆ ತೂತು', 'ಇಬ್ಬನಿ, ಅಡಿಕೆ ಒಣಗಿಲ್ಲ'.

ಒಂಬತ್ತೂವರೆಗೆ ಕಳಿಸಿದೆ: '0. ಅಡಿಕೆ ಬೇಯಿಸುವ ಚೊಗರಿನ ಹಂಡೆ ಒಲೆಗೇರಿತು.' ಸಂಜೆಗೆ ನೋಡಿದರೆ 537. ಮೂವರು ಹೋಗಿದ್ದಾರೆ.